ಹಿಂದಿನ ಸೀಟು ಬಿಚ್ಚಿದ ಮೇಲೆ ಬಂದ ತಲೆನೋವು

ಹೋದ ವಾರ ಮಂಡೀಲಿ ಇಬ್ಬರು ಕೇಳಿದ್ರು, "ಏನಣ್ಣಾ, ನಿನ್ನ ಕಾರಲ್ಲಿ ಸದ್ದೇ ಇಲ್ವಲ್ಲ" ಅಂತ. ಅದರ ಕಥೆ ಬರೀತಿದ್ದೀನಿ, ಸ್ವಲ್ಪ ಉದ್ದ ಇದೆ.

ನಮ್ದು 2006ರ ಮಾರುತಿ 800, ಸೆಕೆಂಡ್ ಹ್ಯಾಂಡು. ಟೊಮೇಟೊ ಕಡೇ ಕೊಯ್ಲಿಗೆ ಬಂದಾಗ ಐದಾರು ಕ್ರೇಟು ಸಿಗೋದೇ ಹೆಚ್ಚು. ಅಷ್ಟಕ್ಕೆ ಕೋಲಾರದ ಮಂಡಿಗೆ ಟಾಟಾ ಏಸ್ ಬಾಡಿಗೆ ಹಿಡಿದ್ರೆ ಕಮಿಷನ್ನು, ಹಮಾಲಿ ಕಳೆದು ಕೈಗೇನೂ ಮಿಗಲ್ಲ. ಹಂಗಾಗಿ ಕಾರಿನ ಹಿಂದಿನ ಸೀಟು ಬಿಚ್ಚಿದೆ. ನಾಲ್ಕು ಬೋಲ್ಟು, ಅರ್ಧ ಗಂಟೆ ಕೆಲಸ. ಸೀಟನ್ನ ಅಟ್ಟದ ಮೇಲೆ ಇಟ್ಟೆ, ಇಲಿ ಅದರಲ್ಲಿ ಸಂಸಾರ ಹೂಡಿತು, ಅದು ಬೇರೆ ಕಥೆ.

ಸೀಟು ತೆಗೆದ ದಿನದಿಂದ ಕಾರೊಳಗೆ ಒಂದೇ ಗಲಾಟೆ. ಸೀಟಿನ ಸ್ಪಂಜು ಅಷ್ಟೊಂದು ಸದ್ದು ಕುಡೀತಿತ್ತು ಅಂತ ಆಗಲೇ ಗೊತ್ತಾಗಿದ್ದು. ಟೈರಿನ ಸದ್ದು, ಕಲ್ಲು ಬಡಿಯೋ ಸದ್ದು, ಬರೀ ತಗಡು ಗುಂಯ್ ಅನ್ನೋದು. ಬೆಳಗಿನ ಜಾವ ಚಳಿಗೆ ಗ್ಲಾಸು ಏರಿಸಿಕೊಂಡು ಹೋಗ್ತಿದ್ವಿ. ಮಂಡಿ ಸೇರೋ ಹೊತ್ತಿಗೆ ನಮ್ಮ ಮನೆಯವಳು, "ರೀ, ಈ ಸದ್ದಿಗೆ ತಲೆ ಸಿಡೀತಿದೆ" ಅನ್ನೋಳು. ಒಂದಿನ ಇಳಿದವಳೇ ವಾಂತಿ ಮಾಡಿಕೊಂಡಳು. ಖಾಲಿ ಹೊಟ್ಟೇಲಿ ಬಂದ್ರೆ ಇನ್ನೇನಾಗುತ್ತೆ ಅಂತ ನಾನೇ ಬೈದೆ. ನನಗೂ ತಲೆ ಭಾರ ಇರ್ತಿತ್ತು, ನಿದ್ದೆಗೆಟ್ಟಿದ್ದಕ್ಕೆ ಅಂದ್ಕೊಂಡಿದ್ದೆ.

ಮೊದಲು ಗೋಣಿಚೀಲ, ಹಳೇ ರಗ್ಗು ಹಾಸಿದೆ. ಟೊಮೇಟೊ ರಸ ಸೋರಿ ನಾಲ್ಕೇ ದಿನಕ್ಕೆ ಗಬ್ಬು ನಾತ. ಗೋಣಿ ನೀರು ಹಿಡಿದಿಟ್ಟು ತಗಡಿಗೆ ತುಕ್ಕು ಬೇರೆ ಬರುತ್ತೆ, ಯಾರೂ ಹಾಕಬೇಡಿ. ಕಾರ್ ಸಾಮಾನಿನ ಅಂಗಡೀಲಿ ತಗಡಿಗೆ ಅಂಟಿಸೋ ಶೀಟ್ ಸಿಗುತ್ತೆ, ಒಂದು ಕಡೆ ಗೋಂದಿನ ರಬ್ಬರು, ಇನ್ನೊಂದು ಕಡೆ ಅಲ್ಯೂಮಿನಿಯಂ ಹಾಳೆ. ಅದನ್ನ ತಂದೆ.

ಅಂಟಿಸೋಕೆ ಮುಂಚೆ ನೆಲ ಒರೆಸಬೇಕಲ್ಲ, ಆಗ ಕಂಡಿದ್ದು. ತಗಡಲ್ಲಿ ಒಂದು ತೂತಿನ ರಬ್ಬರ್ ಬಿರಡೆ ಇಲ್ಲ, ಬಗ್ಗಿದ್ರೆ ಅಂಗಳದ ಮಣ್ಣು ಕಾಣ್ತಿತ್ತು. ಡಿಕ್ಕಿ ಬಾಗಿಲ ಸುತ್ತಿನ ಬೀಡಿಂಗ್ ಹರಿದು ಅಂಚಿಗೆಲ್ಲ ಕಪ್ಪು ಮಸಿ. ಗ್ಯಾರೇಜ್ ಹುಡುಗ ಕೆಳಗೆ ಮಲಗಿ ನೋಡಿ, "ಅಣ್ಣಾ, ಸೈಲೆನ್ಸರ್ ಜಾಯಿಂಟ್ ಲೀಕು. ಹೊಗೆ ಒಳಗೇ ಬರ್ತಾ ಇದೆ, ಗ್ಲಾಸ್ ಹಾಕ್ಕೊಂಡು ಓಡಿಸಿದೀರಾ?" ಅಂದ. ನನಗೆ ಕೈಕಾಲು ತಣ್ಣಗಾಯ್ತು. ಆ ಹೊಗೇಲಿರೋ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆನೋವು, ವಾಕರಿಕೆ, ಆಮೇಲೆ ಮಂಪರು, ಜಾಸ್ತಿ ಆದ್ರೆ ಎದ್ದೇಳೋದೇ ಇಲ್ಲ. ಅವಳಿಗೆ ಬೈದಿದ್ದು ನೆನಪಾಗಿ ಅವತ್ತು ಊಟ ಸೇರಲಿಲ್ಲ.

ಜಾಯಿಂಟಿನ ಪ್ಯಾಕಿಂಗ್, ಬೀಡಿಂಗ್, ಬಿರಡೆ ಎಲ್ಲ ಹೊಸದು ಹಾಕಿಸಿದೆ. ಅರ್ಧ ಸದ್ದು ಅಲ್ಲೇ ಹೋಯ್ತು. ಆಮೇಲೆ ಶೀಟು. ತಗಡನ್ನ ಬೆರಳ ಗೆಣ್ಣಿಂದ ಬಡೀರಿ, ಡಣ್ ಅಂದ ಕಡೆ ಅಂಟಿಸಿ, ಡಬ್ ಅಂದ್ರೆ ಸಾಕು. ತಮಟೆ ಮೇಲೆ ಅಂಗೈ ಇಟ್ಟಂಗೆ. ಪೂರ್ತಿ ಮುಚ್ಚಬೇಕಿಲ್ಲ, ಚಕ್ರದ ಮೇಲಿನ ಉಬ್ಬಿಗೆ ಮಾತ್ರ ಚೆನ್ನಾಗಿ ಹಾಕಿ. ನೀರು ಹೋಗೋ ತೂತು ಮುಚ್ಚಬೇಡಿ. ಅದರ ಮೇಲೆ ಕೊಟ್ಟಿಗೇಲಿ ಮಿಕ್ಕಿದ್ದ ಹಸುವಿನ ರಬ್ಬರ್ ಮ್ಯಾಟ್ ಕತ್ತರಿಸಿ ಹಾಸಿದೆ. ಭಾರ ಜಾಸ್ತಿ, ಆದ್ರೆ ಕೆಳಗಿನ ಸದ್ದಿಗೆ ಅದೇ ಮದ್ದು, ತೊಳೆಯೋಕೂ ಸುಲಭ. ಕ್ರೇಟ್‌ಗಳು ಕಟಕಟ ಅನ್ನದಂಗೆ ಹಳೇ ಸೈಕಲ್ ಟ್ಯೂಬಿಂದ ಬಿಗೀತೀನಿ, ಬ್ರೇಕ್ ಹೊಡೆದಾಗ ಬೆನ್ನಿಗೆ ಬಂದು ಬಡಿಯೋದೂ ತಪ್ಪುತ್ತೆ.

ಇನ್ನೊಂದು ಮಾತು. ಆರ್‌ಸಿಯಲ್ಲಿ ಇರೋದಕ್ಕಿಂತ ಬೇರೆ ಥರ ಗಾಡಿ ಮಾರ್ಪಾಡು ಮಾಡಬಾರದು ಅಂತ ಮೋಟಾರು ವಾಹನ ಕಾಯ್ದೆ 52ನೇ ಕಲಂ ಹೇಳುತ್ತೆ. ಕೊಯ್ಲು ಮುಗೀತು, ಸೀಟು ಹೊಲಿಸಿ ವಾಪಸ್ ಕೂರಿಸ್ತಾ ಇದ್ದೀನಿ.

ಕಡೇ ಲೋಡಿನ ದಿನ ಮನೆಯವಳು ದಾರಿಯುದ್ದಕ್ಕೂ ಮಾತಾಡ್ತಾ ಬಂದಳು. ನಾನೂ ಎರಡು ಬೆರಳು ಗ್ಲಾಸು ಇಳಿಸಿಕೊಂಡೇ ಓಡಿಸಿದೆ. ಶೀಟು ಸ್ವಲ್ಪ ಮಿಕ್ಕಿದೆ, ಬೇಕಾದವರು ಸಂಜೆ ಬಂದು ತಗೊಂಡು ಹೋಗಿ.