ಮೊದಲು ಯಾವ ಪುಸ್ತಕ?

ಅಕ್ಕನ ಮಗ ಊರಿನಿಂದ ಡೊಂಬಿವಲಿಯ ನಮ್ಮ ಮನೆಗೆ ಬಂದು ಎಂಟು ತಿಂಗಳಾಯಿತು. ಹಗಲು ಗೋದಾಮಿನಲ್ಲಿ ಲೆಕ್ಕ ಬರೆಯುತ್ತಾನೆ. ರಾತ್ರಿ ಪೈಥಾನ್ ಕಲಿಯಬೇಕೆಂಬ ಹಂಬಲ. ಕ್ಲಾಸಿನವರು ಕೇಳಿದ ಫೀಸು ಅವನ ಮೂರು ತಿಂಗಳ ಸಂಬಳ. "ಮಾವ, ಪುಸ್ತಕ ಓದಿಯೇ ಕಲಿಯಬಹುದೇ? ಯಾವುದನ್ನು ಕೊಳ್ಳಲಿ?" ಎಂದ. ಬಿ.ಎಸ್ಸಿ. ಓದಿ ಫೈಲುಗಳ ನಡುವೆ ಕುಳಿತ ಗುಮಾಸ್ತನನ್ನೂ ಇಂಥದು ಕೇಳುವವರಿದ್ದಾರಲ್ಲ ಎಂದು ಸಂತೋಷವಾಯಿತೆನ್ನಿ!

ಫ್ಲೋರಾ ಫೌಂಟನ್ ಬಳಿ ಫುಟ್‌ಪಾತಿನಲ್ಲಿ ಪುಸ್ತಕ ಅಗ್ಗ, ನಿಜ. ಕಾದಂಬರಿ ಹಳೆಯದಾದರೆ ಬಾಧಕವಿಲ್ಲ, ಇಲ್ಲಿ ಹಾಗಲ್ಲ. ಪೈಥಾನಿನ ಮೂರನೆಯ ಆವೃತ್ತಿ ಬಂದದ್ದು 2008ರಲ್ಲಿ. ಎರಡನೆಯದನ್ನು ನೋಡಿಕೊಳ್ಳುವುದನ್ನು ಅದರ ಕರ್ತೃಗಳು 2020ರ ಆರಂಭದಲ್ಲಿ ನಿಲ್ಲಿಸಿಬಿಟ್ಟರು. ಗುರುತು ಹಿಡಿಯುವುದು ಸುಲಭ. ಮೊದಲ ಅಧ್ಯಾಯ ತೆರೆಯಿರಿ. ‘ಪ್ರಿಂಟ್’ ಎಂಬ ಪದದ ಬಳಿಕ ಆವರಣ ಚಿಹ್ನೆ ಇಲ್ಲವೇ? ಅದು ಹತ್ತು ರೂಪಾಯಿಗೂ ಬೇಡ.

ಗಾತ್ರಕ್ಕೂ ಮರುಳಾಗಬಾರದು. ಸಿ ಭಾಷೆಯನ್ನು ರೂಪಿಸಿದ ಡೆನಿಸ್ ರಿಚಿ, ಬ್ರಯಾನ್ ಕರ್ನಿಘನ್ ಜೊತೆಗೂಡಿ 1978ರಲ್ಲಿ ಹೊರತಂದ ಪುಸ್ತಕ ಮುನ್ನೂರು ಪುಟವನ್ನೂ ಮುಟ್ಟಲಿಲ್ಲ. ಆದರೆ ಉದ್ದಕ್ಕೂ ಅಭ್ಯಾಸಗಳಿವೆ. ನಾವೇ ಬಿಡಿಸಬೇಕಾದ ಅಭ್ಯಾಸಗಳಿಲ್ಲದ ಪುಸ್ತಕವನ್ನು ಹಾಗೆಯೇ ಕೆಳಗಿಡುವುದು ಮೇಲು.

ಪೈಥಾನಿನ ಅಧಿಕೃತ ಪಾಠವಂತೂ ಅಂತರ್ಜಾಲದಲ್ಲಿ ಉಚಿತ. ತೀರ ಹೊಸಬರಿಗೆ ಅದು ಸ್ವಲ್ಪ ಕಠಿಣವೇ, ಮೇಲಾಗಿ ಇಂಗ್ಲಿಷು. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಹುಡುಗ ಅಳುಕಿದ್ದು ಅಲ್ಲಿಯೇ. ಪವಾಯಿಯ ಐ.ಐ.ಟಿ.ಯವರ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಸಿ ಭಾಷೆಯ ಪಾಠಗಳು ಕನ್ನಡದಲ್ಲೇ ಇವೆ, ಕಾಸು ಖರ್ಚಿಲ್ಲ. ಮೊದಲು ಅವನ್ನು ಕೇಳಿ ತರ್ಕ ಹಿಡಿದುಕೋ, ಪೈಥಾನ್ ಆಮೇಲೆ, ಕ್ಲಾಸಿನ ಮಾತು ಅದಕ್ಕೂ ಆಮೇಲೆ ಎಂದೆ. ಒಂದೊಂದು ಪಾಠ ಸುಮಾರು ಹತ್ತು ನಿಮಿಷ. ಲೋಕಲ್ಲಿನಲ್ಲಿ ಠಾಣೆ ಬರುವುದರೊಳಗೆ ಎರಡಾದರೂ ಮುಗಿಯುತ್ತವೆ, ಕೈಯಾಡಿಸಲು ಜಾಗ ಸಿಕ್ಕರೆ.