ಹಾರುವ ಮೊದಲು ಒಂದು ಸುತ್ತು

ಕುಕ್ಕರ್ ಒಲೆಗೇರಿಸುವ ಮೊದಲು ಏನೇನು ನೋಡುತ್ತೀರಿ ಎಂದು ಯಾರಾದರೂ ಕೇಳಿದರೆ ನಿಮಗೆ ತಟ್ಟನೆ ಹೇಳಲು ಬರುತ್ತದೆಯೇ? ನನಗಂತೂ ಬರುವುದಿಲ್ಲ. ನೀರು ಹಾಕಿದೆನೇ, ವಾಲ್ವಿನಲ್ಲಿ ಬೇಳೆ ಸಿಕ್ಕಿಕೊಂಡಿದೆಯೇ ಎಂದು ಕೈ ತಾನಾಗಿಯೇ ನೋಡುತ್ತದೆ, ಬಾಯಿ ಪಕ್ಕದ ಮನೆಯವರ ಜೊತೆ ಮಾತಾಡುತ್ತಿರುತ್ತದೆ. ವಿಮಾನ ಹಾರಿಸುವವರು ಹೀಗೆ ಮಾಡುವ ಹಾಗಿಲ್ಲವಂತೆ. ಕೈಯಲ್ಲಿ ಪಟ್ಟಿ ಇರಬೇಕು, ಒಂದೊಂದನ್ನೂ ಓದಿ, ಮುಟ್ಟಿ, ನೋಡಿ ಮುಂದೆ ಹೋಗಬೇಕು. ಇದನ್ನು ನನಗೆ ಕಲಿಸಿದವಳು ನನ್ನ ಮಗಳು. ಕಲಿತ ಜಾಗ ನಮ್ಮ ಮನೆಯ ಜೀಪ್ ಶೆಡ್ಡು!

ನಮ್ಮದು ಮೂಡಿಗೆರೆ ತಾಲ್ಲೂಕಿನ ಜಾವಳಿ, ಹೇಮಾವತಿ ಹುಟ್ಟುವ ಊರು. ಮಳೆಗಾಲದಲ್ಲಿ ಆಕಾಶವೇ ಕಾಣದ ಈ ಊರಿನ ಹುಡುಗಿಗೆ ಆಕಾಶಕ್ಕೇರುವ ಹುಚ್ಚು ಎಲ್ಲಿಂದ ಹತ್ತಿತೋ ಕಾಣೆ. ಬಯಲುಸೀಮೆಯ ಒಂದು ತರಬೇತಿ ಶಾಲೆಗೆ ಸೇರುತ್ತೇನೆ ಎಂದಾಗ ನಮ್ಮನೆಯವರು ತೋಟದ ಲೆಕ್ಕದ ಪುಸ್ತಕ ತೆಗೆದು ಕೂತರು. ಅತ್ತೆಯವರು ಒಂದು ಹೊತ್ತು ಊಟ ಬಿಟ್ಟರು. "ಹೆಣ್ಣು ಹುಡುಗಿ, ಇಳಿಯೋಕೆ ಬರದೇ ಹೋದ್ರೆ?" ಎಂಬುದು ಅವರ ಪ್ರಶ್ನೆ. ಗಂಡು ಹುಡುಗನಾದರೆ ಇಳಿಯಲು ತಾನಾಗಿ ಬರುತ್ತದೆಯೋ ಏನೋ! ಮೊಮ್ಮಗಳು ಅಜ್ಜಿಯ ಪಕ್ಕ ಕೂತು, 1936ರಲ್ಲೇ ಲಾಹೋರಿನಲ್ಲಿ ಸೀರೆ ಉಟ್ಟು ವಿಮಾನ ಹಾರಿಸಿ ಲೈಸೆನ್ಸ್ ಪಡೆದ ಸರಳಾ ಠಕ್ರಾಲ್ ಕಥೆ ಹೇಳಿದಳು. ನಮ್ಮ ಬೆಂಗಳೂರಿನ ಜಕ್ಕೂರಿನಲ್ಲೇ ಕಲಿತು, 1951ರಲ್ಲಿ ಗಂಡನ ಜೊತೆ ಲಂಡನ್ನಿನಿಂದ ಮುಂಬಯಿಗೆ 27 ಗಂಟೆಯಲ್ಲಿ ವಿಮಾನ ತಂದ ಉಷಾ ಸುಂದರಂ ಕಥೆಯನ್ನೂ ಹೇಳಿದಳು. ಅತ್ತೆಯವರಿಗೆ ಸೀರೆಯ ವಿಷಯ ಹಿಡಿಸಿತು.

ಮೊದಲ ಮಳೆಗಾಲದ ರಜಕ್ಕೆ ಬಂದವಳು ಒಂದು ಪುಸ್ತಕ ತಂದಿದ್ದಳು. ಅವಳು ಕಲಿಯುತ್ತಿದ್ದುದು ಸೆಸ್ನಾ 172 ಎಂಬ ನಾಲ್ಕು ಸೀಟಿನ ಪುಟ್ಟ ವಿಮಾನದಲ್ಲಿ. ಹೊರಗೆ ಧೋ ಎಂದು ಮಳೆ. ಜೀಪೇ ವಿಮಾನವಾಯಿತು, ಎರಡು ಬಿದಿರಿನ ಏಣಿಗಳು ರೆಕ್ಕೆಗಳಾದವು. ನಾನು ಪಟ್ಟಿ ಓದುವುದು, ಅವಳು ಸುತ್ತುವುದು. ಮೊದಲು ಒಳಗೆ: ಚುಕ್ಕಾಣಿಗೆ ಹಾಕಿದ ಬೀಗದ ಪಿನ್ನು ತೆಗೆದಾಯಿತೇ, ಎಂಜಿನ್ನಿನ ಕೀಲಿ ಹೊರಗಿದೆಯೇ. ಕೀಲಿ ತೆಗೆಯದೆ ಮುಂದಿನ ಪಂಖಕ್ಕೆ ಕೈ ಹಾಕಿದರೆ ಅದು ತಿರುಗಿಬಿಡಬಹುದಂತೆ. ಆಮೇಲೆ ಬಾಲ, ಕೀಲುಗಳು, ನಟ್ಟುಗಳು, ಕಟ್ಟಿದ ಹಗ್ಗ. ರೆಕ್ಕೆ, ಚಕ್ರ, ಎಂಜಿನ್ ಆಯಿಲ್ಲು. ಪಂಖದ ಅಂಚಿನಲ್ಲಿ ಕಲ್ಲು ಬಡಿದ ಗೀರಿದೆಯೇ ಎಂದು ಹಸುವಿನ ಮೈ ಸವರಿದ ಹಾಗೆ ಸವರಿ ನೋಡಬೇಕು. ನಾಲ್ಕು ದಿನದಲ್ಲಿ ನನಗೇ ಎಲ್ಲ ಬಾಯಿಪಾಠ ಬಂತು. "ನಿನಗೂ ಬಂದಿದೆಯಲ್ಲ, ಇನ್ನು ಪಟ್ಟಿ ಯಾಕೆ?" ಎಂದೆ.

"ಬಾಯಿಪಾಠ ಬಂದವರೇ ಅಮ್ಮ ಬಿದ್ದಿದ್ದು" ಎಂದಳು. 1935ರ ಅಕ್ಟೋಬರ್ 30ರಂದು ಅಮೆರಿಕದ ಓಹಿಯೋದಲ್ಲಿ ಬೋಯಿಂಗ್ ಕಂಪೆನಿಯ ಹೊಸ ದೊಡ್ಡ ವಿಮಾನದ ಪರೀಕ್ಷೆ. ಹಾರಿಸಿದವರೇನೂ ಹೊಸಬರಲ್ಲ, ನುರಿತವರು. ನಿಂತಾಗ ಗಾಳಿಗೆ ಬಾಲ ಅಲ್ಲಾಡದಿರಲೆಂದು ಹಾಕಿದ್ದ ಬೀಗ ಬಿಚ್ಚಿರಲಿಲ್ಲ. ಮೇಲೇರಿದ ವಿಮಾನ ಬಿದ್ದು ಉರಿಯಿತು, ಇಬ್ಬರು ಸತ್ತರು. ಅಲ್ಲಿಂದಾಚೆಗೆ, ಎಷ್ಟೇ ಜಾಣರಾದರೂ ಪಟ್ಟಿ ಹಿಡಿದೇ ನೋಡಬೇಕೆಂಬ ಕ್ರಮ ಬಂತಂತೆ.

ಆ ಪಟ್ಟಿಯಲ್ಲಿ ಎರಡು ಸಂಗತಿ ನನಗೆ ತೀರ ಹತ್ತಿರದವೆನಿಸಿದವು. ಒಂದು ಕಣಜ. ಕೀಲಿಯ ತೂತು, ಮುಚ್ಚಿಟ್ಟ ಪುಸ್ತಕದ ಬೆನ್ನು, ಎಲ್ಲಿ ಸಂದು ಸಿಕ್ಕಿದರೂ ಮಣ್ಣಿನ ಗೂಡು ಕಟ್ಟುವ ಈ ಹುಳ ನಿಮ್ಮ ಮನೆಯಲ್ಲೂ ಇರುತ್ತದೆ. ವಿಮಾನದ ಎಡರೆಕ್ಕೆಯ ಕೆಳಗೆ ಒಂದು ಸಣ್ಣ ಕೊಳವೆ ಇದೆ, ಪಿಟೋ ಎಂದು ಹೆಸರು. ಅದರೊಳಗೆ ನುಗ್ಗುವ ಗಾಳಿಯ ಒತ್ತಡದಿಂದಲೇ ವೇಗ ಎಷ್ಟೆಂದು ಮೀಟರು ತೋರಿಸುವುದು. ಕೊಳವೆ ಕಟ್ಟಿಕೊಂಡರೆ ಮೀಟರು ಸುಳ್ಳು ಹೇಳುತ್ತದೆ. 1996ರ ಫೆಬ್ರವರಿಯಲ್ಲಿ ಡೊಮಿನಿಕನ್ ಗಣರಾಜ್ಯದಿಂದ ಹೊರಟ ದೊಡ್ಡ ಪ್ರಯಾಣಿಕರ ವಿಮಾನವೊಂದು ಸಮುದ್ರಕ್ಕೆ ಬಿದ್ದು 189 ಜನ ತೀರಿಹೋದರು. ಹಲವು ದಿನ ಕೊಳವೆಗೆ ಮುಚ್ಚಳ ಹಾಕದೆ ನಿಲ್ಲಿಸಿದ್ದಾಗ ಕಣಜ ಗೂಡು ಕಟ್ಟಿರಬೇಕು ಎಂದು ತನಿಖೆಯವರು ಊಹಿಸಿದರು. "ಬಾಯಲ್ಲಿ ಊದಿದರೆ ಆಯ್ತಪ್ಪ" ಎಂದೆ ನಾನು. ಊದಲೇಬಾರದಂತೆ, ನಮ್ಮ ಉಸಿರಿಗೇ ಒಳಗಿನ ಮೀಟರು ಕೆಡುತ್ತದಂತೆ.

ಇನ್ನೊಂದು ನೀರು. ಸೀಮೆಎಣ್ಣೆ ಸ್ಟವ್ ಉರಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಣ್ಣೆಗೆ ನೀರು ಬೆರೆತರೆ ಪಟಪಟ ಸಿಡಿದು ಆರಿಹೋಗುತ್ತಿತ್ತು. ಸ್ಟವ್ ಆರಿದರೆ ಅನ್ನ ತಡವಾಗುತ್ತದೆ, ಆಕಾಶದಲ್ಲಿ ಎಂಜಿನ್ ಆರಿದರೆ? ಟ್ಯಾಂಕು ಅರ್ಧ ಖಾಲಿ ಇದ್ದರೆ ರಾತ್ರಿಯ ತಣ್ಣಗಾಳಿಗೆ ಒಳಗೇ ಹನಿಗಟ್ಟುತ್ತದೆ, ಮಳೆಯಲ್ಲಿ ಮುಚ್ಚಳದಿಂದಲೂ ಜಿನುಗಬಹುದು. ನೀರು ಭಾರ, ತಳಕ್ಕಿಳಿಯುತ್ತದೆ. ಅದಕ್ಕೇ ರೆಕ್ಕೆಯ ತಳದ ತಿರುಪಿನಿಂದ ಪಾರದರ್ಶಕ ಲೋಟಕ್ಕೆ ಸ್ವಲ್ಪ ಇಂಧನ ಇಳಿಸಿ ಬೆಳಕಿಗೆ ಹಿಡಿಯಬೇಕು. ನೀರಿದ್ದರೆ ಕೆಳಗೆ ಗುಳ್ಳೆಯ ಹಾಗೆ ಬೇರೆ ನಿಲ್ಲುತ್ತದೆ. ಲೋಟದ ತುಂಬ ನೀರೇ ಬಂದರೆ ಗೆರೆಯೇ ಕಾಣದೆ ಮೋಸ ಹೋಗಬಹುದಲ್ಲ? ಅದಕ್ಕೂ ಉಪಾಯವಿದೆ, ಆ ಪೆಟ್ರೋಲಿಗೆ ತೆಳು ನೀಲಿ ಬಣ್ಣ ಹಾಕಿರುತ್ತಾರೆ.

ಮಳೆ ಇಳಿದ ಮೇಲೆ ಅವಳನ್ನು ನೋಡಿ ಬರಲು ಹೋಗಿದ್ದೆ. ಹೊಳೆಯುವ ಅಂಗಿ ತೊಡಿಸಿ ದೂರದಲ್ಲಿ ನಿಲ್ಲಲು ಬಿಟ್ಟರು. ಜೀಪಿನ ಸುತ್ತ ಸುತ್ತಿದ ಹಾಗೆಯೇ ಸುತ್ತುತ್ತಿದ್ದವಳು ಬಲರೆಕ್ಕೆಯ ಕೆಳಗೆ ನಿಂತುಬಿಟ್ಟಳು. ಲೋಟ ಎತ್ತಿ ನೋಡಿದಳು, ಚೆಲ್ಲುವ ಡಬ್ಬಿಗೆ ಸುರಿದಳು, ಮತ್ತೆ ಹಿಡಿದಳು. ಐದು ಸಲ, ಆರು ಸಲ. ಸರದಿಗೆ ಕಾಯುತ್ತಿದ್ದ ಹುಡುಗನೊಬ್ಬ, "ಎರಡು ಹನಿಗೆ ಏನೂ ಆಗಲ್ಲ, ಹೊರಡು, ಬಿಸಿಲೇರುತ್ತೆ" ಎಂದು ಗೊಣಗಿದ್ದು ನನಗೂ ಕೇಳಿಸಿತು. ಅವಳು ಲೋಟವನ್ನು ಹಿಡಿದುಕೊಂಡೇ ಶಿಕ್ಷಕರ ಹತ್ತಿರ ನಡೆದು, "ಸರ್, ಇನ್ನೂ ಬರ್ತಿದೆ, ನಾನು ಹೋಗಲ್ಲ" ಎಂದಳು.

ನೀವೇ ಹೇಳಿ, 'ಹೋಗಲ್ಲ' ಎನ್ನುವುದನ್ನು ನಾವು ನಮ್ಮ ಹೆಣ್ಣುಮಕ್ಕಳಿಗೆ ಎಲ್ಲಿ ಕಲಿಸುತ್ತೇವೆ? ಹೊಂದಿಕೊಂಡು ಹೋಗು ಎಂದೇ ತಾನೆ ನಮ್ಮ ತಾಯಂದಿರು ನಮಗೆ ಹೇಳಿದ್ದು. ಹತ್ತು ಜನ ನೋಡುತ್ತಿರುವಾಗ, ಹಿರಿಯರು ಗಡಿಯಾರ ನೋಡುತ್ತಿರುವಾಗ ನನ್ನ ಮಗಳು ಬೇಡ ಎಂದದ್ದು ಕಂಡು ನನ್ನ ಕಾಲು ನಡುಗಿತು, ಎದೆಯೂ ತುಂಬಿತು. ಶಿಕ್ಷಕರು ಲೋಟ ನೋಡಿ ಮಾತಾಡದೆ ತಲೆಯಾಡಿಸಿ ಮೆಕ್ಯಾನಿಕ್ಕನ್ನು ಕರೆಸಿದರು. ಆ ವಿಮಾನ ಅಂದು ಹಾರಲಿಲ್ಲ.

ಮರುದಿನ ಎಲ್ಲ ಸರಿಮಾಡಿದ ಮೇಲೆ ಅವರಿಬ್ಬರೂ ಹಾರಿದರು. ಎರಡು ಸಲ ಏರಿ ಇಳಿದ ಮೇಲೆ ಶಿಕ್ಷಕರು ಬಾಗಿಲು ತೆರೆದು ಇಳಿದೇಬಿಟ್ಟರು. ಒಬ್ಬಳೇ ಹೋಗುವ ಮೊದಲ ದಿನವನ್ನು ಮುಂಚೆ ಹೇಳುವುದಿಲ್ಲವಂತೆ. ಆ ಒಂದು ಸುತ್ತು ಮುಗಿಯುವವರೆಗೆ ನನ್ನ ಬಾಯಲ್ಲಿ ದೇವರ ಹೆಸರಿಗಿಂತ ಆ ಪಟ್ಟಿಯೇ ಓಡುತ್ತಿತ್ತು: ಪಿನ್ನು, ಕೀಲು, ಲೋಟ ನೀಲಿ, ಕೊಳವೆ ಸ್ವಚ್ಛ.

ಈಗ ರಾತ್ರಿ ಫೋನು ಬಂದರೆ ಅತ್ತೆಯವರು ನನ್ನ ಕೈಯಿಂದ ಕಿತ್ತುಕೊಳ್ಳುತ್ತಾರೆ. ಊಟ ಆಯ್ತಾ ಎಂದು ಕೇಳುವುದೂ ಆಮೇಲೆ. ಮೊದಲ ಮಾತು, "ಕಣಜ ನೋಡಿದ್ಯೇನೇ?"