ಮಾಂಪಾಂಗ್ ಗುಡ್ಡದ ಕೋಕೋ ಲೆಕ್ಕ

ಘಾನಾ ದೇಶದ ರಾಜಧಾನಿ ಆಕ್ರಾದಿಂದ ಉತ್ತರಕ್ಕೆ ಹೊರಟ ಬಸ್ಸು ಬಯಲು ದಾಟಿ ಅಕ್ವಾಪಿಮ್ ಗುಡ್ಡಸಾಲನ್ನು ಏರುತ್ತಿದ್ದಂತೆ ಗಾಳಿ ತಂಪಾಗುತ್ತದೆ. ಮೇಲೆ ಸಿಗುವ ಊರು ಮಾಂಪಾಂಗ್. 1879ರಲ್ಲಿ ಟೆಟ್ಟೆ ಕ್ವಾರ್ಶಿ ಎಂಬ ಕಮ್ಮಾರ ಫರ್ನಾಂಡೊ ಪೋ ದ್ವೀಪದಿಂದ ತಂದ ಕೋಕೋ ಬೀಜ ಬಿತ್ತಿದ್ದು ಇಲ್ಲಿಯೇ. ಆ ತೋಟವನ್ನು ಜೋಪಾನವಾಗಿ ಉಳಿಸಿಕೊಂಡು ಬಂದವರಿಗೆ ತೋರಿಸುತ್ತಾರೆ. 1911ರ ಹೊತ್ತಿಗೆ ಅಂದಿನ ಗೋಲ್ಡ್ ಕೋಸ್ಟ್ ಕೋಕೋ ಬೆಳೆಯಲ್ಲಿ ಜಗತ್ತಿಗೇ ಮೊದಲಾಗಿತ್ತು. ಈಗ ಆ ಸ್ಥಾನ ನೆರೆಯ ಐವರಿ ಕೋಸ್ಟ್‌ನದು.

ಗುಡ್ಡ ಇಳಿದು ಪಶ್ಚಿಮದ ಕಾಡುಸೀಮೆಗೆ ಹೋದರೆ ದೊಡ್ಡ ಮರಗಳ ನೆರಳಲ್ಲಿ, ಬಾಳೆಯ ನಡುವೆ ಕೋಕೋ. ಪುತ್ತೂರು, ಸುಳ್ಯದ ಅಡಕೆ ತೋಟ ಕಂಡವರಿಗೆ ಗಿಡ ಹೊಸದಲ್ಲ. ಕಾಂಡಕ್ಕೇ ಅಂಟಿಕೊಂಡ ಕಾಯಿ ನೋಡಿದರೆ ಸಾಕು, ಗುರುತು ಹತ್ತುತ್ತದೆ. ಇದರ ಪರಾಗಸ್ಪರ್ಶ ಮಾಡುವುದು ಜೇನಲ್ಲ, ಒಂದೆರಡು ಮಿಲಿಮೀಟರಿನ ಪುಟಾಣಿ ನೊಣ. ಕೊಳೆತ ಎಲೆಗಳ ತೇವದಲ್ಲಿ ಹುಟ್ಟುವ ಪ್ರಾಣಿ ಅದು. ತೋಟವನ್ನು ಗುಡಿಸಿ ತೀರ ಚೊಕ್ಕಟ ಮಾಡಿದರೆ ಕಾಯಿಯೇ ಕಡಿಮೆಯಾದೀತು!

ಅಕ್ಟೋಬರಿನಲ್ಲಿ ಕೊಯ್ಲು. ಕಾಯಿ ಒಡೆದು, ಬಿಳಿ ತಿರುಳಿನೊಂದಿಗೆ ಬೀಜವನ್ನು ಬಾಳೆ ಎಲೆಯ ಮೇಲೆ ರಾಶಿ ಹಾಕಿ ಮುಚ್ಚಿ ಆರು ದಿನ ಬಿಡುತ್ತಾರೆ. ಯೀಸ್ಟು ತಿರುಳಿನ ಸಕ್ಕರೆಯನ್ನು ಮದ್ಯಸಾರವಾಗಿಸುತ್ತದೆ, ಬ್ಯಾಕ್ಟೀರಿಯಾ ಅದನ್ನು ಹುಳಿಯಾಗಿಸುತ್ತದೆ, ರಾಶಿಯ ಉಷ್ಣತೆ 45 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಕಾವಿಗೆ ಬೀಜ ಸತ್ತ ಮೇಲೆಯೇ ಚಾಕಲೇಟಿನ ಪರಿಮಳಕ್ಕೆ ಬೇಕಾದ ವಸ್ತುಗಳು ಹುಟ್ಟುವುದು. ಯುರೋಪಿನ ಕಾರ್ಖಾನೆ ಹುರಿಯಬಹುದು, ಅರೆಯಬಹುದು. ಈ ಹುಳಿಬರಿಸುವ ಕೆಲಸ ಮಾತ್ರ ರೈತನ ತೋಟದಲ್ಲೇ ಆಗಬೇಕು.

ಇಷ್ಟು ಮಾಡಿದವನ ಕೈಗೆ ಬರುವುದೆಷ್ಟು? ಘಾನಾದಲ್ಲಿ ಬೆಲೆ ಕಟ್ಟುವುದು ಸರ್ಕಾರ. 2024ರ ಸೆಪ್ಟೆಂಬರಿನಲ್ಲಿ ಅದು ಟನ್ನಿಗೆ 48,000 ಸೆಡಿ ಎಂದು ನಿಗದಿ ಮಾಡಿತು. ಎರಡು ಹೆಕ್ಟೇರ್ ತೋಟ, ಹೆಕ್ಟೇರಿಗೆ 400 ಕಿಲೋ ಇಳುವರಿ ಎಂದು ಲೆಕ್ಕ ಹಿಡಿದರೆ ವರ್ಷಕ್ಕೆ 38,400 ಸೆಡಿ. ಆದರೆ ದುಡಿಯುವವರೆಲ್ಲ ಒಡೆಯರಲ್ಲ. ಅಲ್ಲಿಯೂ ಪಾಲು ಬೇಸಾಯವುಂಟು: ‘ಅಬುನು’ ಎಂದರೆ ಅರ್ಧ, ‘ಅಬುಸಾ’ ಎಂದರೆ ಮೂರರಲ್ಲೊಂದು. ಅಬುಸಾದಲ್ಲಿ ತೋಟ ನೋಡಿಕೊಳ್ಳುವವನ ಪಾಲು 12,800 ಸೆಡಿ, ಅಂದರೆ ದಿನಕ್ಕೆ 35. ಅಂದಿನ ದರದಲ್ಲಿ ಸುಮಾರು ಎರಡು ಡಾಲರ್. ಅದರಲ್ಲೇ ಇಡೀ ಸಂಸಾರದ ಊಟ, ಔಷಧಿ, ಮಕ್ಕಳ ಪುಸ್ತಕ. ಕೂಲಿಗೆ ಕೊಡಲು ದುಡ್ಡಿಲ್ಲದ ಮನೆಯಲ್ಲಿ ಕಾಯಿ ಒಡೆಯುವ ಕತ್ತಿ ಶಾಲೆಗೆ ಹೋಗಬೇಕಾದ ಹುಡುಗನ ಕೈಗೆ ಬರುತ್ತದೆ. ಕಾನೂನು ಬೇಡವೆನ್ನುತ್ತದೆ, ಬಡತನ ಕೇಳುವುದಿಲ್ಲ.

ಹೊಟ್ಟೆ, ಬಟ್ಟೆ, ಸೂರು, ಓದು, ಆರೋಗ್ಯ, ಜೊತೆಗೆ ಕಷ್ಟಕಾಲಕ್ಕೆ ನಾಲ್ಕು ಕಾಸು: ಇಷ್ಟಕ್ಕೆ ಸಾಲುವ ಗಳಿಕೆಗೆ ‘ಬದುಕುವ ಆದಾಯ’ ಎಂದು ಹೆಸರು. ಅದಕ್ಕೆಂದೇ 2019ರಲ್ಲಿ ಘಾನಾ, ಐವರಿ ಕೋಸ್ಟ್ ಎರಡೂ ಸೇರಿ ಟನ್ನಿಗೆ 400 ಡಾಲರ್ ಹೆಚ್ಚುವರಿ ಕೇಳಿದವು. ಕೊಳ್ಳುವವರು ಅದನ್ನು ಕೊಟ್ಟರೂ, ಹಿಂದಿನಿಂದ ಗುಣಮಟ್ಟಕ್ಕೆಂದು ಕೊಡುತ್ತಿದ್ದ ಮೊತ್ತವನ್ನು ಇಳಿಸಿದರು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಂಡಂತಾಯಿತು.

2024ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ಪೇಟೆಯಲ್ಲಿ ಕೋಕೋ ಟನ್ನಿಗೆ 12,000 ಡಾಲರ್ ದಾಟಿತು. ಘಾನಾದ ರೈತನಿಗೆ ಸಿಕ್ಕಿದ್ದು ಅದರ ಕಾಲು ಭಾಗದಷ್ಟು. ಫಸಲಿನ ಬಹುಪಾಲು ಮೊದಲೇ ಕಡಿಮೆ ಬೆಲೆಗೆ ಮಾರಾಟವಾಗಿತ್ತು. ಗಡಿಯಾಚೆ ರಾತ್ರೋರಾತ್ರಿ ಮೂಟೆ ಸಾಗಿಸಿದವರನ್ನು ಕಳ್ಳರೆಂದು ಕರೆಯುವುದು ಸುಲಭ. ಬೆಲೆ ಏರಿದ್ದಾದರೂ ಏಕೆ? ಬೆಳೆ ಕೈಕೊಟ್ಟಿದ್ದಕ್ಕೆ. ಕೊಂಬೆ ಊದಿಸುವ ವೈರಸ್ ರೋಗ ಹಿಟ್ಟು ತಿಗಣೆಯಿಂದ ಹರಡುತ್ತದೆ. ಮರ ಕಡಿಯುವುದೊಂದೇ ಉಪಾಯ. ಹೊಸ ಸಸಿ ಫಲ ಕೊಡಲು ಮೂರು ನಾಲ್ಕು ವರ್ಷ ಬೇಕು. ಕಾಯಿ ಬಿಡದ ಮರ ಇಟ್ಟುಕೊಂಡವನಿಗೆ ಏರಿದ ಬೆಲೆಯಿಂದೇನು?

ದಕ್ಷಿಣ ಕನ್ನಡದವರೂ 1980ರ ಸುಮಾರಿಗೆ ಕೊಳ್ಳುವವರಿಲ್ಲದೆ ಕಂಗೆಟ್ಟವರೇ. ಆಗ ಕ್ಯಾಂಪ್ಕೊ ಖರೀದಿಗಿಳಿಯಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆ ಶುರುವಾಯಿತು. ಮೇಲಾಗಿ ಇಲ್ಲಿಯವರಿಗೆ ಅಡಕೆಯ ಆಸರೆಯಿತ್ತು. ಅಲ್ಲಿ ಅನೇಕರಿಗೆ ನಗದು ತರುವ ಬೆಳೆ ಅದೊಂದೇ.

ಹಾಗಾಗಿಯೇ ಕೆಲವರು ತೋಟವನ್ನು ಅಕ್ರಮ ಚಿನ್ನದ ಗಣಿಯವರಿಗೆ ಬಿಟ್ಟುಕೊಡುತ್ತಾರೆ. ಇಡಿಗಂಟು ಕೈಗೆ ಬರುತ್ತದೆ. ಅಗೆದ ಗುಂಡಿಗಳಲ್ಲಿ ಕೆಸರು ನೀರು ನಿಂತಿರುತ್ತದೆ. ಅದರಾಚೆಗಿನ ಊರಿನಲ್ಲಿ ಬಿದಿರ ಚಾಪೆಗಳ ಮೇಲೆ ಕೋಕೋ ಒಣಗುತ್ತಿದೆ. ಮೋಡ ಕವಿದರೆ ಹೆಂಗಸರು, ಶಾಲೆ ಬಿಟ್ಟು ಬಂದ ಮಕ್ಕಳು ಓಡಿಬಂದು ಚಾಪೆ ಮಡಿಸುತ್ತಾರೆ. ತೇವ ಉಳಿದ ಬೀಜವನ್ನು ಯಾರೂ ತೂಕಕ್ಕೆ ಹಾಕಿಕೊಳ್ಳುವುದಿಲ್ಲ.